ತೋಕೆ ಎಂಬ ಹಳೆಯ ಪದ



ಸೌಕಾರ್‌ಪೇಟೆಯ ಈ ಸಭೆಗೆ ಬರುವಾಗ, ಹಸುವಿನ ‘ತೋಕ’ ಹಿಡಿಯದಿರೆಂದು ತಾಯಿಯೊಬ್ಬಳು ಮಗುವಿಗೆ ತೆಲುಗಿನಲ್ಲಿ ಗದರುತ್ತಿದ್ದುದು ಕಿವಿಗೆ ಬಿತ್ತು. ಅದು ನಮ್ಮ ಪದವೂ ಹೌದು. ಬರೋ ಮತ್ತು ಎಮೆನೋ ಅವರ ದ್ರಾವಿಡ ವ್ಯುತ್ಪತ್ತಿಕೋಶದಲ್ಲಿ (1961, ಪರಿಷ್ಕೃತ 1984) ಕನ್ನಡದ ‘ತೋಕೆ’, ತೆಲುಗಿನ ‘ತೋಕ’, ತಮಿಳಿನ ‘ತೋಗೈ’ ಒಂದೇ ಮನೆಯ ಮಕ್ಕಳು. ನಾವೀಗ ಬಿಚ್ಚುವುದೂ ಮುದುರುವುದೂ ಬಾಲವನ್ನೇ. ತೋಕೆ ನಿಘಂಟು ಸೇರಿತು.

ತಮಿಳಿನಲ್ಲಿ ಈ ಪದ ನವಿಲಿನ ಗರಿಗೊಂಚಲಾಗಿ, ಕಡೆಗೆ ನವಿಲೇ ಆಯಿತು. ಬಾಲದಿಂದ ಹಕ್ಕಿಯನ್ನು ಕರೆಯುವುದು ಹೊಸದೇನಲ್ಲ: ಚಳಿಗಾಲದಲ್ಲಿ ವೇಡಂತಾಂಗಲ್ ಕೆರೆಗೆ ಬರುವ ಸೂಜಿಬಾಲದ ಬಾತನ್ನು ನೋಡಿರಿ. ಸೊಲೊಮೋನನ ಹಡಗುಗಳು ಚಿನ್ನ, ದಂತ, ಕೋತಿಗಳೊಡನೆ ತಂದವೆಂದು ಬೈಬಲ್ ಹೇಳುವ ‘ತುಕ್ಕಿ’ಗಳು ಈ ತೋಗೈಗಳೇ ಎಂದು, ಮರೀನಾದಲ್ಲಿ ಪ್ರತಿಮೆಯಾಗಿ ನಿಂತಿರುವ ಕಾಲ್ಡ್‌ವೆಲ್ ವಾದಿಸಿದರು. ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ನನಗಂತೂ ಒಪ್ಪುವ ಆಸೆ. ಇಂದಿನ ಹೀಬ್ರೂವಿನಲ್ಲಿ ಆ ‘ತುಕ್ಕಿ’ ಗಿಳಿಯಾಗಿದೆ!

ಸಮುದ್ರ ದಾಟಿತೆನ್ನುವ ಪದ ನಮ್ಮ ಹಿತ್ತಿಲಿನಲ್ಲೇ ಉಳಿಯಲಿಲ್ಲ. ಮೊನ್ನೆ ಮನೆಯಲ್ಲಿ ‘ತೋಕೆ’ ಎಂದೆ. ‘ಅಜ್ಜ, ಅದು ತೆಲುಗು’ ಎಂದು ಮೊಮ್ಮಗಳು ತಿದ್ದಿದಳು. ನಿಘಂಟು ತೆಗೆದು ತೋರಿಸಿದೆ. ನಂಬಿದಳೋ ಇಲ್ಲವೋ ತಿಳಿಯದು.