ತೋಟದಲ್ಲಿ ಹುಟ್ಟಿದ ಮಗು ಯಾವ ಊರಿನದು?

(ಉಮರ್ಗಾ, ನಿಲಂಗಾ, ಉದಗೀರ ಕಡೆಯ ದುಡಿಯುವ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಕೂಲಿಯ ದರ, ಬೋನಸ್ಸು, ಲೈನು ಮನೆಗಳ ರಿಪೇರಿ ಇವುಗಳ ಮಾತು ಸಂಘದ ಸಭೆಯಲ್ಲಿ ಆಗುತ್ತಲೇ ಇರುತ್ತದೆ. ಇಂದು ನಾವು ಎತ್ತಿಕೊಂಡಿರುವುದು ಒಂದು ಕಾಗದದ ವಿಷಯ. ಮರಾಠಿಯಲ್ಲಿ ಅದರ ಹೆಸರು ‘ವಯ, ರಾಷ್ಟ್ರೀಯತ್ವ ಆಣಿ ಅಧಿವಾಸ ಪ್ರಮಾಣಪತ್ರ’. ನಮ್ಮ ಜನರ ಬಾಯಲ್ಲಿ ಬರೀ ‘ಡೊಮಿಸೈಲ್’. ಈ ಮಗು ಭಾರತದ ಪ್ರಜೆ, ಇಂಥ ದಿನ ಹುಟ್ಟಿದ್ದು, ಈ ರಾಜ್ಯದಲ್ಲಿ ಕಾಯಂ ವಾಸ ಉಳ್ಳದ್ದು ಎಂದು ತಹಸೀಲ ಕಚೇರಿಯಿಂದ ಬರೆಸಿಕೊಳ್ಳುವ ದಾಖಲೆ ಅದು. ಹೊಟ್ಟೆಗೆ ಹಿಟ್ಟು ಕೊಡುವ ಕಾಗದವಲ್ಲವೆಂದು ಅನೇಕರು ಅದನ್ನು ಮುಂದೂಡುತ್ತಾರೆ. ಆದರೆ ಹನ್ನೆರಡನೆಯದು ಪಾಸಾದ ಮಗು ಮುಂದಿನ ಬಾಗಿಲು ತಟ್ಟಿದಾಗ ಒಳಗಿನಿಂದ ಮೊದಲು ಬರುವ ಪ್ರಶ್ನೆ ಅದೇ.

ನಮ್ಮ ಮನೆಗಳ ಸ್ಥಿತಿ ನಿಮಗೆ ಹೇಳಬೇಕಾಗಿಲ್ಲ. ಒಲೆಯ ಮುಂದೆ ಕನ್ನಡ, ಪೇಟೆಯಲ್ಲಿ ಮರಾಠಿ, ಅಜ್ಜನ ಪೆಟ್ಟಿಗೆಯ ಕಾಗದದಲ್ಲಿ ಉರ್ದು. ಕೆಲವರು ಕಬ್ಬು ಕಡಿಯಲು ಹೋಗುತ್ತಾರೆ, ಕೆಲವರು ಕಾಫಿ ತೋಟಗಳಲ್ಲಿ ವರ್ಷಗಟ್ಟಲೆ ಇದ್ದುಬಿಡುತ್ತಾರೆ. ಮಗು ಒಂದು ರಾಜ್ಯದಲ್ಲಿ ಹುಟ್ಟುತ್ತದೆ, ಇನ್ನೊಂದರಲ್ಲಿ ಓದುತ್ತದೆ.

ಇಂಥ ಒಬ್ಬ ಹುಡುಗಿಯ ಸಂಗತಿ ಹೇಳುತ್ತೇವೆ. ಹೆಸರು ಬೇಡ. ತಂದೆ ನಿಲಂಗಾ ತಾಲೂಕಿನವನು. ಕೊಡಗಿನ ಒಂದು ಕಾಫಿ ತೋಟದಲ್ಲಿ ಮಗಳು ಹುಟ್ಟಿದಳು. ನಾಲ್ಕನೆಯ ಇಯತ್ತೆಯವರೆಗೆ ಅಲ್ಲಿಯ ಕನ್ನಡ ಶಾಲೆ. ಅಜ್ಜಿಯ ಕಣ್ಣು ಮಂಜಾದ ಮೇಲೆ ಆಸರೆಗೆಂದು ಊರಿಗೆ ಕಳಿಸಿದರು. ಉಳಿದ ಎಂಟು ವರ್ಷ ಇಲ್ಲಿಯೇ ಓದಿದಳು. ಹದಿನೇಳರ ವಯಸ್ಸಿಗೆ ನರ್ಸಿಂಗ್ ತರಬೇತಿಗೆ ಅರ್ಜಿ ಹಾಕಿದಾಗ ಡೊಮಿಸೈಲ್ ಕೇಳಿದರು. ಒಂದು ಕಚೇರಿಯ ಗುಮಾಸ್ತರು ಜನನ ದಾಖಲೆ ನೋಡಿ, “ಇದು ಕರ್ನಾಟಕದ್ದು, ಅಲ್ಲಿಗೇ ಹೋಗಿ” ಎಂದರು. ತಂದೆ ಅಲ್ಲಿ ವಿಚಾರಿಸಿದ. ಕರ್ನಾಟಕದ ಪ್ರವೇಶ ಪರೀಕ್ಷೆಯ ಮುಖ್ಯ ನಿಯಮದಂತೆ ಒಂದರಿಂದ ಹನ್ನೆರಡರೊಳಗೆ ಕನಿಷ್ಠ 7 ವರ್ಷ ಆ ರಾಜ್ಯದಲ್ಲಿ ಓದಿರಬೇಕು. ಇವಳದು ನಾಲ್ಕೇ ವರ್ಷ. ಗಡಿನಾಡಿನ ಕನ್ನಡಿಗರಿಗೆ ಬೇರೆ ಕಲಮುಗಳುಂಟು, ಆದರೆ ಅವು ಇವಳ ಓದಿಗೆ ಹೊಂದಲಿಲ್ಲ. ಆಗ ಆ ತಾಯಿ ನಮ್ಮನ್ನು ಕೇಳಿದ ಪ್ರಶ್ನೆಯೇ ಈ ಭಾಷಣದ ತಲೆಬರಹ.

ಉತ್ತರ ಕಾಯ್ದೆಯಲ್ಲಿದೆ. ಚಿಕ್ಕ ಮಗುವಿನ ವಾಸ ತಂದೆತಾಯಿಯ ವಾಸವನ್ನು ಹಿಂಬಾಲಿಸುತ್ತದೆ, ಹುಟ್ಟಿದ ಜಾಗವನ್ನಲ್ಲ. ನಮ್ಮಂಥ ಕ್ರೈಸ್ತರ ಆಸ್ತಿ ವಾರಸಿಗೆ ಅನ್ವಯಿಸುವ 1925 ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 14ನೆಯ ಕಲಮು ಇದನ್ನೇ ಹೇಳುತ್ತದೆ. ಮಗು ಅಪ್ರಾಪ್ತ ವಯಸ್ಸಿನದಾಗಿರುವವರೆಗೆ ತಾನಾಗಿ ಹೊಸ ವಾಸ ಸಂಪಾದಿಸಲಾರದು ಎಂದು 17ನೆಯ ಕಲಮು. ಆ ಕಾಯ್ದೆ ವಾರಸಿಗಾಗಿ ಇರುವುದೇ ಹೊರತು ತಹಸೀಲಿನ ದಾಖಲೆಗಾಗಿ ಅಲ್ಲ, ನಿಜ. ಭಾರತದ ಪ್ರಜೆಗೆ ಇರುವ ಡೊಮಿಸೈಲ್ ಒಂದೇ, ಅದು ಭಾರತದ್ದು. ರಾಜ್ಯಗಳ ನಿಯಮದಲ್ಲಿ ಆ ಪದ ಬಂದರೆ ಅದರ ಅರ್ಥ ಕಾಯಂ ವಾಸ ಅಷ್ಟೇ ಎಂದು ಸುಪ್ರೀಂ ಕೋರ್ಟು 1984 ರಲ್ಲಿ ಪ್ರದೀಪ್ ಜೈನ್ ಮೊಕದ್ದಮೆಯಲ್ಲಿ ಹೇಳಿತು. 2025 ರ ಜನವರಿಯಲ್ಲಿ ತನ್ವಿ ಬೆಹಲ್ ಮೊಕದ್ದಮೆಯಲ್ಲಿ ಒಂದೇ ಡೊಮಿಸೈಲ್ ಎಂಬ ಮಾತನ್ನು ಪುನಃ ಎತ್ತಿಹಿಡಿಯಿತು. ಆದರೂ ತಂದೆತಾಯಿಯ ಕಾಗದವೇ ಮಗುವಿನ ಕಾಗದದ ಬೇರು ಎಂಬ ವಿಚಾರ ಎರಡೂ ಕಡೆ ಒಂದೇ. ಮಹಾರಾಷ್ಟ್ರದಲ್ಲಿ ಸಾಮಾನ್ಯವಾಗಿ 15 ವರ್ಷದ ವಾಸಕ್ಕೆ ಪುರಾವೆ ಕೇಳುತ್ತಾರೆ. ಹನ್ನೆರಡು ವರ್ಷದ ಮಗು ಹದಿನೈದು ವರ್ಷದ ಪುರಾವೆಯನ್ನು ಎಲ್ಲಿಂದ ತಂದೀತು? ತಂದೆಯದನ್ನು, ತಂದೆ ಇಲ್ಲದ ಮನೆಯಲ್ಲಿ ಆತನ ಮರಣ ದಾಖಲೆಯೊಂದಿಗೆ ತಾಯಿಯದನ್ನು ಇಡಬೇಕು. ನಮ್ಮ ಪ್ರಭು ಹುಟ್ಟಿದ್ದು ಬೆತ್ಲೆಹೇಮಿನಲ್ಲಿ, ಜನ ಕರೆದದ್ದು ನಜರೇತಿನವನೆಂದು. ಯಾಕೆಂದರೆ ಮನೆ ಇದ್ದದ್ದು ನಜರೇತಿನಲ್ಲಿ.

ಇಲ್ಲಿ ಆ ಹುಡುಗಿಯ ತಂದೆಗೆ ಇನ್ನೊಂದು ತೊಡಕು ಬಂತು. ಮನೆತನ ಹಳೆಯದೆಂದು ತೋರಿಸಲು ಆತ ಅಜ್ಜನ ಶಾಲೆಯ ದಾಖಲೆ ತಂದ. ಅದರಲ್ಲಿ ‘ಜಿಲ್ಲಾ ಬೀದರ’ ಎಂದಿತ್ತು. ಗುಮಾಸ್ತರು, “ನೋಡಿ, ಅಜ್ಜನೂ ಕರ್ನಾಟಕದವನೇ” ಎಂದರು! ಗಡಿಯ ಮಕ್ಕಳಾದ ನಾವು ಈ ಚರಿತ್ರೆಯನ್ನು ಬಾಯಿಪಾಠ ಮಾಡಿಕೊಂಡಿರಬೇಕು. ಹೈದರಾಬಾದ್ ಸಂಸ್ಥಾನದಲ್ಲಿ ನಿಲಂಗಾ, ಉದಗೀರ, ಅಹಮದಪುರ ತಾಲೂಕುಗಳು ಬೀದರ ಜಿಲ್ಲೆಗೆ ಸೇರಿದ್ದವು. 1956 ರ ನವೆಂಬರ್ 1 ರಂದು ರಾಜ್ಯ ಪುನರ್ವಿಂಗಡಣೆಯಾದಾಗ ಬೀದರ ಮೈಸೂರಿಗೆ ಹೋಯಿತು, ಈ ಮೂರು ತಾಲೂಕುಗಳನ್ನು ಮಾತ್ರ ಬಿಡಿಸಿ ಮುಂಬಯಿ ರಾಜ್ಯಕ್ಕೆ ಸೇರಿಸಿದರು. ಅವು ಉಸ್ಮಾನಾಬಾದ ಜಿಲ್ಲೆಯಲ್ಲಿ ಕುಳಿತವು. 1960 ರ ಮೇ 1 ರಂದು ಮಹಾರಾಷ್ಟ್ರವಾಯಿತು. 1982 ರ ಆಗಸ್ಟಿನಲ್ಲಿ ಲಾತೂರ ಜಿಲ್ಲೆ ಹುಟ್ಟಿದಾಗ ನಿಲಂಗಾ, ಉದಗೀರ ಅದಕ್ಕೆ ಹೋದವು. ಉಮರ್ಗಾ ಉಸ್ಮಾನಾಬಾದದಲ್ಲೇ ಉಳಿಯಿತು, ಆ ಜಿಲ್ಲೆಗೆ 2023 ರಲ್ಲಿ ಧಾರಾಶಿವ ಎಂದು ಹೆಸರು ಬದಲಾಯಿತು. ಹೀಗೆ ಉದಗೀರದ ಒಂದು ಮನೆ ಕದಲದೆ ನಿಂತಲ್ಲೇ ನಿಂತಿದ್ದರೂ ಅಜ್ಜನ ಕಾಗದದಲ್ಲಿ ಬೀದರ, ಅಪ್ಪನ ಕಾಗದದಲ್ಲಿ ಉಸ್ಮಾನಾಬಾದ, ಮಗುವಿನ ಕಾಗದದಲ್ಲಿ ಲಾತೂರ. ಮೂರು ಜಿಲ್ಲೆ, ಒಂದೇ ಹೊಸ್ತಿಲು. 1956 ರ ಕಾಯ್ದೆಯಲ್ಲಿ ಈ ತಾಲೂಕುಗಳ ಹೆಸರುಗಳೇ ಇವೆ. ಅದರ ನಕಲನ್ನು ಅರ್ಜಿಗೆ ಲಗತ್ತಿಸಿದ ಮೇಲೆ ಆ ಗುಮಾಸ್ತರು ಮರುಮಾತಾಡಲಿಲ್ಲ.

ಉಮರ್ಗಾ ಕಡೆಯವರದು ಇನ್ನೊಂದು ಕಷ್ಟ. 1993 ರ ಸೆಪ್ಟೆಂಬರ್ 30 ರ ನಸುಕಿನಲ್ಲಿ ಕಿಲ್ಲಾರಿ ಭೂಕಂಪ ಔಸಾ, ಉಮರ್ಗಾ ತಾಲೂಕುಗಳ ಹಳ್ಳಿಗಳನ್ನು ಕೆಡವಿ ಸಾವಿರಾರು ಜನರನ್ನು ನುಂಗಿದಾಗ ಪೆಟ್ಟಿಗೆಗಳೂ ಮಣ್ಣಾದವು. ಅಂಥ ಮನೆಯವರು ಕಾಗದ ಇಲ್ಲವೆಂದು ಕೈಚೆಲ್ಲಬಾರದು. ಶಾಲೆಯ ದಾಖಲಾತಿ ರಜಿಸ್ಟರು, ಹಳೆಯ ಮತದಾರರ ಯಾದಿ, ತಲಾಠಿಯ ದಫ್ತರ, ಇವುಗಳಿಂದ ನಕಲು ಕೇಳಬಹುದು.

ಇನ್ನು ತೋಟದವರು ಕಿವಿಗೊಟ್ಟು ಕೇಳಬೇಕಾದ ಮಾತು. ಜನನವನ್ನು ಎಲ್ಲಿ ಹುಟ್ಟಿತೋ ಅಲ್ಲಿಯೇ ನೋಂದಾಯಿಸಬೇಕು, 21 ದಿನಗಳೊಳಗೆ. ಆಗ ದಾಖಲೆಯ ಮೊದಲ ನಕಲು ಪುಕ್ಕಟೆ. 1969 ರ ಜನನ ಮರಣ ನೋಂದಣಿ ಕಾಯ್ದೆಯ 9ನೆಯ ಕಲಮು ನಮ್ಮಂಥವರಿಗಾಗಿಯೇ ಇದೆ: ನಾಲ್ಕು ಹೆಕ್ಟೇರಿಗೆ ಕಡಿಮೆಯಿಲ್ಲದ ಚಹಾ, ಕಾಫಿ, ಮೆಣಸು, ರಬ್ಬರು, ಏಲಕ್ಕಿ, ಸಿಂಕೋನ ತೋಟದಲ್ಲಿ ಮಗು ಹುಟ್ಟಿದರೆ ನೋಂದಣಿದಾರರಿಗೆ ತಿಳಿಸುವ ಹೊಣೆ ತೋಟದ ಮೇಲ್ವಿಚಾರಕನದು, ಆತನನ್ನು ಮ್ಯಾನೇಜರ್ ಎನ್ನಲಿ, ರೈಟರ್ ಎನ್ನಲಿ, ಆಳುಗಳ ಉಸ್ತುವಾರಿ ಯಾರದೋ ಅವನದು. ವಿವರ ಕೊಡುವುದು ಮನೆಯವರ ಕೆಲಸ. ಇದು ದೊರೆಯ ದಯೆ ಅಲ್ಲ, ಕಾಯ್ದೆ. ಕಬ್ಬಿನ ಹೊಲ ಈ ಯಾದಿಯಲ್ಲಿಲ್ಲ. ಅಲ್ಲಿ ಗುಡಿಸಲಲ್ಲಿ ಹುಟ್ಟಿದರೆ ಮನೆಯ ಹಿರಿಯನೇ ಹೋಗಿ ಬರೆಸಬೇಕು, ಆಸ್ಪತ್ರೆಯಲ್ಲಾದರೆ ಆಸ್ಪತ್ರೆಯವರು. ಟ್ರಾಕ್ಟರಿನಲ್ಲಿ, ಬಸ್ಸಿನಲ್ಲಿ ಹೆರಿಗೆಯಾದದ್ದೂ ಉಂಟಲ್ಲ? ಓಡುವ ಗಾಡಿಯಲ್ಲಿ ಹುಟ್ಟಿದ ಮಗುವಿನ ಸುದ್ದಿಯನ್ನು ಗಾಡಿ ಮೊದಲು ನಿಂತ ಊರಿನಲ್ಲಿ ಗಾಡಿಯವನೇ ತಿಳಿಸಬೇಕೆಂದು ನಿಯಮವಿದೆ.

ಬರೆಸುವಾಗ ಒಂದು ಕಾಲಮಿನ ಮೇಲೆ ಬೆರಳಿಟ್ಟು ನಿಲ್ಲಿ. ಜನನ ದಾಖಲೆಯಲ್ಲಿ ತಂದೆತಾಯಿಯ ವಿಳಾಸ ಎರಡು ಸಲ ಬರುತ್ತದೆ: ಮಗು ಹುಟ್ಟಿದಾಗಿನ ವಿಳಾಸ, ಮತ್ತು ಕಾಯಂ ವಿಳಾಸ. ಮೊದಲನೆಯದರಲ್ಲಿ ತೋಟದ ಹೆಸರು ಬರಲಿ. ಎರಡನೆಯದರಲ್ಲಿ ನಿಮ್ಮ ಹಳ್ಳಿ, ತಾಲೂಕು, ಜಿಲ್ಲೆ ಬರಬೇಕು. ಆ ಹುಡುಗಿಯ ದಾಖಲೆಯಲ್ಲಿ ಎರಡೂ ಕಡೆ ತೋಟದ ಹೆಸರೇ ಇತ್ತು. ಅರ್ಧ ಜಗಳ ಹುಟ್ಟಿದ್ದೇ ಆ ಒಂದು ಸಾಲಿನಿಂದ. ಹೆಸರಿಡುವುದು ತಡವಾದರೆ ಹೆಸರಿಲ್ಲದೆಯೂ ನೋಂದಾಯಿಸಬಹುದು, 12 ತಿಂಗಳೊಳಗೆ ಪುಕ್ಕಟೆಯಾಗಿ ಹೆಸರು ಸೇರಿಸಬಹುದು. ಒಂದು ವರ್ಷ ದಾಟಿದ ಜನನಕ್ಕೆ ಮ್ಯಾಜಿಸ್ಟ್ರೇಟರ ಹುಕುಮು ಬೇಕು, ಆಗ ಅಲೆದಾಟ ಹೆಚ್ಚು. 2023 ರ ತಿದ್ದುಪಡಿಯ ನಂತರ, ಅಂದರೆ 2023 ರ ಅಕ್ಟೋಬರ್ 1 ಅಥವಾ ಆಮೇಲೆ ಹುಟ್ಟಿದ ಮಕ್ಕಳಿಗೆ, ಶಾಲೆ, ಮತದಾರರ ಯಾದಿ, ಸರ್ಕಾರಿ ನೌಕರಿ ಮೊದಲಾದವಕ್ಕೆ ಹುಟ್ಟಿದ ದಿನ ಮತ್ತು ಸ್ಥಳದ ಪುರಾವೆ ಜನನ ದಾಖಲೆಯೇ.

ಜ್ಞಾನಸ್ನಾನದ ಪತ್ರ ಇದೆಯಲ್ಲ ಎಂದು ನಮ್ಮವರು ಕೇಳುತ್ತಾರೆ. ಅದು ದೇವಸಭೆಯ ದಾಖಲೆ, ಸರ್ಕಾರದ್ದಲ್ಲ. ಹಳೆಯ ಜನನವನ್ನು ತಡವಾಗಿ ನೋಂದಾಯಿಸುವಾಗ ಅದು ಒಳ್ಳೆಯ ಸಾಕ್ಷಿ, ಆದರೆ ಜನನ ದಾಖಲೆಯ ಬದಲಿಗೆ ನಡೆಯದು. ಇನ್ನು ಮುಂದೆ ಜ್ಞಾನಸ್ನಾನಕ್ಕೆ ಬರುವಾಗ ಜನನ ದಾಖಲೆಯನ್ನೂ ತನ್ನಿರೆಂದು ನಾವು ಕೇಳಲಿದ್ದೇವೆ. ಮಗುವಿಗೆ ಬೆಳ್ಳಿ ಗೆಜ್ಜೆ ತೊಡಿಸುವ ಜ್ಞಾನತಂದೆ ಜ್ಞಾನತಾಯಿಯರು ಈ ಒಂದು ಕಾಗದಕ್ಕಾಗಿ ಅರ್ಧ ದಿನ ಓಡಾಡಿದರೆ ಗೆಜ್ಜೆಗಿಂತ ಹೆಚ್ಚಿನ ಉಡುಗೊರೆ ಆದೀತು.

ಹೆಸರಿನ ಗೊಂದಲವೂ ಉಂಟು. ಕರ್ನಾಟಕದ ಶಾಲೆಯಲ್ಲಿ ‘ವೈ. ಮರಿಯಮ್ಮ’, ಇಲ್ಲಿಯ ಶಾಲೆಯಲ್ಲಿ ‘ಮರಿಯಾಬಾಯಿ ಯೇಸುದಾಸ ಕಾಂಬಳೆ’. ತಾಯಿಗೆ ಇಬ್ಬರೂ ಒಬ್ಬಳೇ, ಕಚೇರಿಗೆ ಇಬ್ಬರು. ಶಾಲೆ ಬದಲಿಸುವಾಗಲೇ ತಿದ್ದಿಸಿ.

ಆಧಾರ್ ಕಾರ್ಡಿನಿಂದ ಇದೆಲ್ಲ ಆಗದೇ ಎಂದರೆ, ಆಗದು. ಆಧಾರ್ ಪ್ರಜಾಹಕ್ಕಿಗಾಗಲಿ ಡೊಮಿಸೈಲಿಗಾಗಲಿ ತಾನಾಗಿ ಪುರಾವೆಯಲ್ಲವೆಂದು 2016 ರ ಅದರ ಕಾಯ್ದೆಯೇ ಹೇಳಿದೆ. ರೇಷನ್ ಕಾರ್ಡಿಗೆ ಬೆಲೆ ಹೆಚ್ಚು. 2024 ರಲ್ಲಿ ಲಾಡಕಿ ಬಹೀಣ ಯೋಜನೆ ಬಂದಾಗ ಡೊಮಿಸೈಲ್ ಇಲ್ಲದ ಹೆಂಗಸರಿಂದ 15 ವರ್ಷ ಹಿಂದಿನ ರೇಷನ್ ಕಾರ್ಡನ್ನು ಒಪ್ಪಿಕೊಂಡರು. ಭಾಲ್ಕಿ, ಬಸವಕಲ್ಯಾಣ, ಆಳಂದ ಕಡೆಯಿಂದ ಬಂದ ನಮ್ಮ ಸೊಸೆಯಂದಿರ ಗಂಡನ ದಾಖಲೆಗಳನ್ನೂ ಒಪ್ಪಿದರು. ಆದ್ದರಿಂದ ತೋಟಕ್ಕೆ ಹೋಗುವಾಗ ಇಲ್ಲಿಯ ಕಾರ್ಡು ರದ್ದು ಮಾಡಿಸಿ ಅಲ್ಲಿ ಹೊಸದು ಮಾಡಿಸಬೇಡಿ. ಒಂದು ದೇಶ ಒಂದು ರೇಷನ್ ಕಾರ್ಡು ವ್ಯವಸ್ಥೆ 2022 ರ ಹೊತ್ತಿಗೆ ಎಲ್ಲ ರಾಜ್ಯಗಳಿಗೂ ಬಂದಿದೆ. ಇಲ್ಲಿಯ ಕಾರ್ಡಿನ ಮೇಲೆ ಅಲ್ಲಿ ಧಾನ್ಯ ಸಿಗುತ್ತದೆ.

ಮೊದಲು ಹೇಳಿದ 14ನೆಯ ಕಲಮಿಗೆ ಒಂದು ಅಪವಾದವಿದೆ: ಅಪ್ರಾಪ್ತ ಮಗುವಿಗೆ ಮದುವೆಯಾಗಿದ್ದರೆ ಅದರ ವಾಸ ತಂದೆತಾಯಿಯೊಂದಿಗೆ ಬದಲಾಗದು. ಮದುವೆಯಾದ ಹೆಣ್ಣಿಗೆ ಗಂಡನ ವಾಸ ಎನ್ನುತ್ತದೆ 15ನೆಯ ಕಲಮು. ಸುಗ್ಗಿಗೆ ಹೊರಡುವ ಮುಂಚೆ ಹದಿನಾರರ ಹುಡುಗಿಯ ಕೈಹಿಡಿಸಿ ಭಾರ ಇಳಿಸಿಕೊಳ್ಳುವ ಮನೆಗಳು ಈ ಕೂಟದಲ್ಲೂ ಇವೆ. ಹದಿನೆಂಟರ ಒಳಗಿನ ಮದುವೆ ಅಪರಾಧವೆಂದು 2006 ರ ಕಾಯ್ದೆ ಹೇಳುತ್ತದೆ. ಅದನ್ನು ಬಿಟ್ಟರೂ, ತಂದೆಯ ಹೆಸರಿನಲ್ಲಿ ಅವಳಿಗೆ ಸಿಗಬೇಕಾದ ಈ ನೆಲೆಯನ್ನು ನಾವೇ ಕಸಿದಂತಾಗುತ್ತದೆ. ಕೇಳಲು ಕಹಿಯಾದರೂ ಹೇಳದೆ ಇರಲಾರೆವು.

ಅರ್ಜಿಯನ್ನು ತಂದೆ ಅಥವಾ ತಾಯಿಯ ಹೆಸರಿನಲ್ಲಿ, ಮಗುವಿಗಾಗಿ ಎಂದು ಬರೆದು ಆಪಲೇ ಸರಕಾರ ಸೇವಾ ಕೇಂದ್ರದಲ್ಲಿ ಹಾಕಬೇಕು. ರಸೀದಿ ಕೇಳಿ ಪಡೆಯಿರಿ. ಎಷ್ಟು ದಿನದೊಳಗೆ ಕೊಡಬೇಕೆಂಬ ಫಲಕವಿರುತ್ತದೆ, ಓದಲು ಬಾರದವರು ಮಕ್ಕಳಿಂದ ಓದಿಸಿ. 2015 ರ ಮಹಾರಾಷ್ಟ್ರ ಲೋಕಸೇವಾ ಹಕ್ಕು ಕಾಯ್ದೆಯಂತೆ ತಡವಾದರೂ, ತಿರಸ್ಕರಿಸಿದರೂ ಮೂರು ಮೇಲ್ಮನವಿಗಳಿವೆ. ತಿರಸ್ಕರಿಸಿದ ಕಾರಣವನ್ನು ಬರಹದಲ್ಲಿ ಕೇಳಿ. ದಲ್ಲಾಳಿಗಳ ಬಳಿ ಹೋಗಬೇಡಿ. ಪ್ರೇಷಿತರ ಕಾರ್ಯಗಳಲ್ಲಿ ಬರುವ ಆ ಸೇನಾಧಿಪತಿ ದೊಡ್ಡ ಹಣ ತೆತ್ತು ಪೌರತ್ವ ಕೊಂಡೆನೆಂದಾಗ ಪೌಲನು ತನಗದು ಹುಟ್ಟಿನಿಂದಲೇ ಬಂದದ್ದೆಂದ. ನಮ್ಮ ಮಕ್ಕಳಿಗೂ ಹುಟ್ಟಿನಿಂದ ಬಂದದ್ದನ್ನು ಹಣ ಕೊಟ್ಟು ಕೊಳ್ಳುವುದೇಕೆ?

ಆ ಹುಡುಗಿಗೆ ದಾಖಲೆ ಸಿಕ್ಕಿತು. ಆದರೆ ಪ್ರವೇಶದ ಯಾದಿ ಮುಚ್ಚಿ ಮೂರು ವಾರವಾಗಿತ್ತು. ಒಂದು ವರ್ಷ ತಾಯಿಯೊಂದಿಗೆ ತೋಟದಲ್ಲಿ ಕಾಫಿ ಕೊಯ್ದು, ಮರುವರ್ಷ ತರಬೇತಿಗೆ ಸೇರಿದಳು. ಮಗು ಎಂಟನೆಯ, ಒಂಬತ್ತನೆಯ ಇಯತ್ತೆಯಲ್ಲಿರುವಾಗಲೇ ಅರ್ಜಿ ಹಾಕಿ ಎಂದು ನಾವು ಕಾಡುವುದು ಅದಕ್ಕೇ.

ಬರುವ ಭಾನುವಾರ ಪೂಜೆಯಾದ ಮೇಲೆ ಸಂಘದವರು ಹೊರಗಡೆ ಮೇಜು ಹಾಕಿಕೊಂಡು ಕುಳಿತಿರುತ್ತಾರೆ. ತಂದೆಯ ಶಾಲೆ ಬಿಟ್ಟ ದಾಖಲೆ, ರೇಷನ್ ಕಾರ್ಡು, ಮಗುವಿನ ಜನನ ದಾಖಲೆ, ಮನೆಯಲ್ಲಿರುವ ಹಳೆಯ ಉರ್ದು ಕಾಗದ ಏನಿದ್ದರೂ ತನ್ನಿ. ಉರ್ದು ಓದಬಲ್ಲ ಹಿರಿಯರೊಬ್ಬರನ್ನು ಕರೆದಿದ್ದೇವೆ. ನಕಲು ಮಾಡಿಸಿಕೊಂಡು ಬನ್ನಿ. ಮೂಲ ಪ್ರತಿಯನ್ನು ತೋರಿಸಿ, ಕೈಯಲ್ಲೇ ಇಟ್ಟುಕೊಳ್ಳಿ, ನಮ್ಮ ಕೈಗೂ ಬಿಟ್ಟುಹೋಗಬೇಡಿ.