ಖಾಡಿಯ ಚಳಿಗಾಲದ ಅತಿಥಿಗಳು

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಮುಂಬಯಿಯಲ್ಲಿ ಚಳಿಗಾಲವೆಂಬುದೂ ಉಂಟೇ ಎಂದು ಊರಿನಿಂದ ಬಂದ ನೆಂಟರು ನಗುತ್ತಾರೆ. ಉಂಟು. ಅದನ್ನು ಕಾಣಬೇಕಾದರೆ ಠಾಣೆಯ ಖಾಡಿಯ ಕೆಸರನ್ನು ನೋಡಬೇಕು. ನಾವು ರಾಜ್ಯೋತ್ಸವದ ತೋರಣ ಕಟ್ಟುವ ಹೊತ್ತಿಗೇ ಸೈಬೀರಿಯ, ಮಧ್ಯ ಏಷ್ಯಗಳ ಕಡೆಯಿಂದ ಬಾತುಗಳು ಬಂದು ಇಳಿಯತೊಡಗುತ್ತವೆ. ಬ್ಯಾಂಕಿನ ನಾಲ್ಕಾರು ಗೆಳೆಯರು ಮನೆಮಂದಿಯೊಡನೆ ಅವನ್ನು ನೋಡಲು ಕೆಲವು ವರ್ಷಗಳಿಂದ ಹೋಗುತ್ತಿದ್ದೇವೆ. ನಾವು ಪಕ್ಷಿಶಾಸ್ತ್ರಜ್ಞರಲ್ಲ; ವಾಣಿಜ್ಯ ಓದಿ ಲೆಕ್ಕ ಬರೆಯುವ ಗುಮಾಸ್ತರು. ಮಾತಿನಲ್ಲಿ ಲೆಕ್ಕದ ವಾಸನೆ ಬಂದರೆ ತಾವು ಮನ್ನಿಸಬೇಕು.

ಮೊದಲ ಲೆಕ್ಕ ಸಮುದ್ರದ್ದು. ಖಾಡಿಗೆ ಹೋಗುವವರು ಗಡಿಯಾರಕ್ಕಿಂತ ಮೊದಲು ಪಂಚಾಂಗ ನೋಡುವುದು ಲೇಸು. ಹುಣ್ಣಿಮೆ, ಅಮಾವಾಸ್ಯೆಗಳಂದು ಇಲ್ಲಿ ನಡುಹಗಲಿನ ಸುಮಾರಿಗೆ ಉಬ್ಬರ ತುಂಬುತ್ತದೆ. ಆಮೇಲೆ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಪೂರ್ತಿ ಇಳಿತವಿದ್ದಾಗ ಹಕ್ಕಿಗಳು ದೂರದ ಕೆಸರಿನಲ್ಲಿ ಸಾಸಿವೆ ಚೆಲ್ಲಿದಂತೆ ಕಾಣುತ್ತವೆ. ನೀರು ಏರತೊಡಗಿದಂತೆ ಅವೇ ಹೆಜ್ಜೆ ಹೆಜ್ಜೆಯಾಗಿ ದಡದ ಕಡೆಗೆ ಬರುತ್ತವೆ. ಆದುದರಿಂದ ಹುಣ್ಣಿಮೆ ಅಥವಾ ಅಮಾವಾಸ್ಯೆಗೆ ಹತ್ತಿರದ ಭಾನುವಾರ, ಬೆಳಗಿನ ಒಂಬತ್ತು ಹತ್ತರ ವೇಳೆ ಪ್ರಶಸ್ತ. ಹಬ್ಬಕ್ಕೂ ಹಕ್ಕಿಗೂ ಒಂದೇ ಪಂಚಾಂಗವೆಂದು ನಮ್ಮ ಮನೆಯವರು ಹಾಸ್ಯ ಮಾಡುವುದುಂಟು.

ಕೆಸರಿನಲ್ಲಿ ಏನಿದೆ ಎನ್ನುವಿರಾ? ಹುಳು, ಶಂಖ, ಏಡಿಯ ಮರಿ. ಚಿಕ್ಕ ಕೊಕ್ಕಿನ ಹಕ್ಕಿ ಮೇಲಿನದನ್ನು ಹೆಕ್ಕುತ್ತದೆ, ಉದ್ದ ಕೊಕ್ಕಿನ ಗೊರವ ಆಳದಿಂದ ಎಳೆಯುತ್ತದೆ. ಬ್ಯಾಂಕಿನಲ್ಲಿ ಒಂದೊಂದು ಕಿಟಕಿಗೆ ಒಂದೊಂದು ಕೆಲಸವಿರುವಂತೆ ಇಲ್ಲಿಯೂ. ಆದರೆ ಇಲ್ಲಿ ನೂಕುನುಗ್ಗಲಿಲ್ಲ. ಬಾತುಗಳಲ್ಲಿ ನಮಗೆ ಅಚ್ಚುಮೆಚ್ಚಿನದು ಚಲುಕದ ಬಾತು. ಅದರ ಕೊಕ್ಕು ಸಲಿಕೆಯಂತೆ ಅಗಲ, ಒಳಅಂಚಿನಲ್ಲಿ ಬಾಚಣಿಗೆಯಂಥ ಹಲ್ಲುಗಳು. ಹತ್ತಾರು ಬಾತುಗಳು ಗಾಣದೆತ್ತಿನಂತೆ ಸುತ್ತುತ್ತ ನೀರನ್ನು ಕಲಕಿ, ಮೇಲೆ ಬಂದ ಸಣ್ಣ ಜೀವಿಗಳನ್ನು ಸೋಸಿ ತಿನ್ನುತ್ತವೆ. ಸೂಜಿಬಾಲದ ಬಾತಿನ ಗಂಡು ಠೀವಿಯುಳ್ಳದ್ದು. ಬಿಳಿಹುಬ್ಬಿನದು ಹೆಸರೇ ಹೇಳುವಂತೆ.

ಖಾಡಿಯ ರಾಜಹಂಸಗಳ ಕೀರ್ತಿಯಂತೂ ದೇಶಕ್ಕೆಲ್ಲ ತಿಳಿದದ್ದು. ಅವು ಬಾತುಗಳ ಹಾಗೆ ಸೈಬೀರಿಯದವಲ್ಲ. ಹೆಚ್ಚಿನವು ಗುಜರಾತಿನ ಕಡೆಯಿಂದ ಬರುತ್ತವೆ. 1990ರ ದಶಕದಿಂದೀಚೆಗೆ ಇಲ್ಲಿ ದೊಡ್ಡ ಗುಂಪುಗಳು ಕಾಣಿಸಿಕೊಂಡವು. 2019ರ ಎಣಿಕೆಯಲ್ಲಿ ಸಂಖ್ಯೆ ಲಕ್ಷ ದಾಟಿತ್ತು. ಕೊಕ್ಕನ್ನು ತಲೆಕೆಳಗಾಗಿ ನೀರಿನಲ್ಲಿಟ್ಟು ಪಾಚಿಯನ್ನು ಸೋಸುತ್ತವೆ. ಗುಲಾಬಿ ಬಣ್ಣವೂ ಆ ಊಟದಿಂದಲೇ ಬಂದದ್ದು. ಖಾಡಿಯ ಸುಮಾರು 1,690 ಹೆಕ್ಟೇರನ್ನು 2015ರಲ್ಲಿ ಅಭಯಾರಣ್ಯವೆಂದು ಸಾರಿದರು. 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು.

ಇನ್ನು ಈ ಸಭೆಯಲ್ಲಿ ಹೇಳಲೇಬೇಕಾದ ಮಾತು. ಒಮ್ಮೆ ಉರಣದ ಕಡೆಯ ಹೊಂಡಕ್ಕೆ ಹೋದಾಗ ಗೆಳೆಯರೊಬ್ಬರ ತಾಯಿಯವರೂ ಬಂದಿದ್ದರು. ಗದಗಿನ ಕಡೆಯವರು, ಮಗನ ಮನೆ ಎಂಟನೆಯ ಮಹಡಿಯಲ್ಲಿ, ನೆರೆಹೊರೆಯವರ ಭಾಷೆ ಬಾರದು. ದಿನವೆಲ್ಲ ಸುಮ್ಮನೆ ಕಿಟಕಿಯ ಬಳಿ ಕೂರುವವರು. ಮೊಮ್ಮಗಳು ನೀರಿನಲ್ಲಿದ್ದುದನ್ನೆಲ್ಲ ‘ಡಕ್, ಡಕ್’ ಎಂದು ತೋರಿಸುತ್ತಿದ್ದಳು. ಅಜ್ಜಿ ತಡೆದರು: “ಡಕ್ ಅಲ್ಲವಾ ಅದು. ಹಣಿ ಮ್ಯಾಲ ಬಿಳೀ ನಾಮ ಐತಿ ನೋಡು, ನಾಮದ ಕೋಳಿ ಅದು.” ಆಮೇಲೆ ಮಾತು ನಿಲ್ಲಲಿಲ್ಲ. ಮುಳುಗಿ ಏಳುವುದು ಗುಳುಮುಳುಕ, ರೆಕ್ಕೆ ಬಿಚ್ಚಿ ಒಣಗಿಸುವುದು ನೀರುಕಾಗೆ. ನಮ್ಮ ಕೈಯಲ್ಲಿದ್ದ ಇಂಗ್ಲಿಷ್ ಪುಸ್ತಕವನ್ನು ಮುಚ್ಚಿಟ್ಟು, ಅವರು ಹೇಳಿದುದನ್ನು ಬರೆದುಕೊಂಡೆವು. ಎರಡು ಗಂಟೆಗಳ ಕಾಲ ಆ ತಾಯಿ ಎಲ್ಲರಿಗೂ ಮೇಷ್ಟ್ರಾಗಿದ್ದರು. ಸಲೀಂ ಅಲಿಯವರು ಹುಟ್ಟಿದ ಊರಿದು, ಅವರ ಪುಸ್ತಕ ಬೇಕೇ ಬೇಕು. ಆದರೆ ಕನ್ನಡದ ಹೆಸರುಗಳನ್ನು ಮಕ್ಕಳಿಗೆ ಕೊಡಬಲ್ಲವರು ನಮ್ಮ ಮನೆಗಳಲ್ಲೇ ಮೂಲೆಯಲ್ಲಿ ಕುಳಿತಿದ್ದಾರೆ.

ಅವರ ಸೀಮೆಯಲ್ಲಿರುವ ಮಾಗಡಿ ಕೆರೆಗೆ ಪಟ್ಟೆತಲೆಯ ಹೆಬ್ಬಾತುಗಳು ಮಂಗೋಲಿಯ, ಟಿಬೆಟ್ಟುಗಳ ಕಡೆಯಿಂದ ಹಿಮಾಲಯವನ್ನೇ ದಾಟಿ ಬರುತ್ತವೆ. ಈ ಜಾತಿಯ ಹಕ್ಕಿ 7,000 ಮೀಟರಿಗೂ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. 2024ರಲ್ಲಿ ಆ ಕೆರೆಯೂ ನಮ್ಮ ಅಘನಾಶಿನಿಯ ಅಳಿವೆಯೂ ರಾಮ್ಸಾರ್ ಪಟ್ಟಿಗೆ ಸೇರಿದವು. ವಲಸೆ ಬಂದ ನಮ್ಮನ್ನು ಇಂಥ ಹಕ್ಕಿಗಳಿಗೆ ಹೋಲಿಸುವುದು ವೇದಿಕೆಗಳಲ್ಲಿ ರೂಢಿ. ನಮಗೆ ಅದು ಒಪ್ಪಿಗೆಯಿಲ್ಲ. ಹಕ್ಕಿ ವರ್ಷಕ್ಕೊಮ್ಮೆ ತಪ್ಪದೆ ಊರಿಗೆ ಹೋಗುತ್ತದೆ. ನಮಗೆ ರಜೆ ಮಂಜೂರಾಗಬೇಕು!

ಆದರೆ ಹಕ್ಕಿಗೂ ಇಳಿಯಲು ಜಾಗ ಬೇಕಷ್ಟೆ. ಕೆಸರನ್ನು ಖಾಲಿ ನಿವೇಶನವೆಂದು ಬಗೆಯುವವರಿಗೆ ಈ ನಗರದಲ್ಲಿ ಬರಗಾಲವಿಲ್ಲ. ನೆರೂಳಿನ ಕೆರೆಯೊಂದಕ್ಕೆ ಉಬ್ಬರದ ನೀರಿನ ದಾರಿ ಕಟ್ಟಿಹೋಗಿ, 2024ರಲ್ಲಿ ಆ ಸುತ್ತಿನಲ್ಲಿ ರಾಜಹಂಸಗಳು ಸತ್ತವು. ಅದೇ ವರ್ಷ ಮೇ ತಿಂಗಳಲ್ಲಿ ಘಾಟಕೋಪರದ ಮೇಲೆ ವಿಮಾನಕ್ಕೆ ಬಡಿದು ಮೂವತ್ತಕ್ಕೂ ಹೆಚ್ಚು ಬಿದ್ದವು. ಆ ಕೆರೆಯನ್ನು ಸಂರಕ್ಷಿಸಲು 2025ರಲ್ಲಿ ರಾಜ್ಯದ ವನ್ಯಜೀವಿ ಮಂಡಳಿ ಒಪ್ಪಿತು. ಹಾಗಾಗಲು ಅಲ್ಲಿನ ನಿವಾಸಿಗಳು ಬಿಡದೆ ಅರ್ಜಿ ಬರೆದರು. ಅರ್ಜಿ ಬರೆಯುವುದರಲ್ಲಿ ಗುಮಾಸ್ತರಾದ ನಾವೇನೂ ಹಿಂದೆ ಬಿದ್ದವರಲ್ಲ. ನಮ್ಮ ನಮ್ಮ ಬಡಾವಣೆಯ ಹೊಂಡಗಳ ಮೇಲೆ ಕಣ್ಣಿಟ್ಟಿರಬಹುದು.

ಬರುವ ಅಮಾವಾಸ್ಯೆಗೆ ಹತ್ತಿರದ ಭಾನುವಾರ ನಾವು ಹಾರ್ಬರ್ ಗಾಡಿಯಲ್ಲಿ ಶಿವಡಿಗೆ ಹೋಗುವವರಿದ್ದೇವೆ. ತಿಂಡಿಯ ಡಬ್ಬಿ, ನೀರು ತಾವೇ ತರಬೇಕು. ಕೆಂಪು, ಹಳದಿಯ ಬಟ್ಟೆ ಬೇಡ. ದುರ್ಬೀನು ಇರುವುದು ಎರಡೇ, ಸರದಿಯಿಂದ ನೋಡೋಣ. ಮನೆಯಲ್ಲಿ ಅಜ್ಜ ಅಜ್ಜಿಯರಿದ್ದರೆ ದಯವಿಟ್ಟು ಅವರನ್ನು ಕರೆತನ್ನಿ. ಅವರಿಗೆ ಕುರ್ಚಿಯ ಏರ್ಪಾಡನ್ನು ನಾವು ಮಾಡುತ್ತೇವೆ.