ಹುಟ್ಟೂರಿನ ಪೆನ್ಸಿಲ್ ಚಿತ್ರಗಳು



ಹೊಲದ ನಡುವೆ ತಲೆಬಾಗಿ ನಿಂತ ರೈತ ದಂಪತಿಗಳ ಚಿತ್ರವನ್ನು ನಮ್ಮಲ್ಲನೇಕರು ಕಂಡಿದ್ದೇವೆ. ದೂರದ ದೇವಾಲಯದಲ್ಲಿ ತ್ರಿಕಾಲ ಪ್ರಾರ್ಥನೆಯ ಗಂಟೆ ಮೊಳಗಿದೆ. ಆಲೂಗಡ್ಡೆ ಅಗೆಯುತ್ತಿದ್ದ ಕೈಗಳು ಜೋಡಿಕೊಂಡಿವೆ. 'ಆಂಜೆಲಸ್' ಎಂಬ ಈ ವರ್ಣಚಿತ್ರವನ್ನು ಫ್ರಾನ್ಸಿನ ಜಾನ್ ಫ್ರಾಂಸ್ವಾ ಮಿಲೆ 1857ರಿಂದ 1859ರ ಅವಧಿಯಲ್ಲಿ ರಚಿಸಿದರು. ನಾವು ಇಂದು ನೆನೆಯಬಯಸುವುದು ಅದಕ್ಕೂ ಮುಂಚೆ ಅವರು ಬರೆದ ಪೆನ್ಸಿಲ್ ಚಿತ್ರಗಳನ್ನು.

ಮಿಲೆಯವರು 1814ರಲ್ಲಿ ನಾರ್ಮಂಡಿಯ ಕಡಲಂಚಿನ ಗ್ರೂಶಿ ಎಂಬ ಪುಟ್ಟ ಹಳ್ಳಿಯ ಕಥೋಲಿಕ ರೈತ ಕುಟುಂಬದಲ್ಲಿ ಜನಿಸಿದರು. ಅಜ್ಜಿಯೇ ಅವರ ಜ್ಞಾನತಾಯಿ. ಅಸ್ಸಿಸಿಯ ಸಂತ ಫ್ರಾನ್ಸಿಸರ ಹೆಸರನ್ನು ಮಗುವಿಗೆ ಇರಿಸಿದವರೂ ಆಕೆಯೇ. ಚಿತ್ರಕಲೆಯನ್ನರಸಿ ಊರು ಬಿಟ್ಟ ಮೊಮ್ಮಗ 1849ರಲ್ಲಿ ಪ್ಯಾರಿಸಿಗೆ ಸಮೀಪದ ಬಾರ್ಬಿಜಾನ್ ಹಳ್ಳಿಯಲ್ಲಿ ನೆಲೆಸಿದರು. 1851ರಲ್ಲಿ ಅಜ್ಜಿ, 1853ರಲ್ಲಿ ತಾಯಿ ತೀರಿಕೊಂಡರು. ಬಡತನದ ದೆಸೆಯಿಂದ, ಆ ಇಬ್ಬರ ಕೊನೆಯ ಗಳಿಗೆಯಲ್ಲೂ ಬಳಿಯಲ್ಲಿರುವ ಭಾಗ್ಯ ಅವರಿಗೆ ದೊರೆಯಲಿಲ್ಲ.

1854ರಲ್ಲಿ ಅವರು ಸಂಸಾರ ಸಮೇತ ಹುಟ್ಟೂರಿಗೆ ಬಂದು ಕೆಲವು ತಿಂಗಳು ತಂಗಿದರು. ಹಿರಿಯರ ಮನೆ, ನೀರು ಸೇದುತ್ತಿದ್ದ ಬಾವಿ, ಹೊಲಗದ್ದೆ, ಕಡಲಂಚಿನ ಬಂಡೆ, ಇವೆಲ್ಲವನ್ನೂ ಒಂದೊಂದಾಗಿ ಕಾಗದದ ಮೇಲೆ ಇಳಿಸಿದರು. ಅಂಥ ಪೆನ್ಸಿಲ್ ಚಿತ್ರದಲ್ಲಿ ಬಣ್ಣವಿಲ್ಲ, ವೈಭವವಿಲ್ಲ, ಮನುಷ್ಯಾಕೃತಿಯೂ ಇರಲೇಬೇಕೆಂದಿಲ್ಲ. ಆದರೂ ಆ ನೆಲ ಬರಿದಲ್ಲ. ಗೋಡೆಯ ಕಲ್ಲನ್ನು ಯಾರೋ ಹೊತ್ತು ತಂದರು, ಬಾವಿಯನ್ನು ಯಾರೋ ತೋಡಿದರು, ಹೊಲವನ್ನು ಯಾರೋ ಉತ್ತರು. ಇಲ್ಲದವರ ದುಡಿಮೆಯೇ ಅಲ್ಲಿ ರೇಖೆಯಾಗಿದೆ.

ಮುಂದೆ 'ಆಂಜೆಲಸ್' ಚಿತ್ರದ ಮೂಲವನ್ನು ಮಿಲೆಯವರೇ ತಿಳಿಸಿದರು: ಗಂಟೆ ಕೇಳಿದೊಡನೆ ಅಜ್ಜಿ ಹೊಲದ ಕೆಲಸ ನಿಲ್ಲಿಸಿ, ಅಗಲಿದ ಬಡ ಆತ್ಮಗಳಿಗಾಗಿ ಎಲ್ಲರಿಂದ ಪ್ರಾರ್ಥನೆ ಮಾಡಿಸುತ್ತಿದ್ದರಂತೆ. ಸಾವಿನ ಹೊತ್ತಿಗೆ ತಲುಪಲಾಗದ ಮೊಮ್ಮಗ ಆ ಪ್ರಾರ್ಥನೆಯನ್ನು ಲೋಕಕ್ಕೆಲ್ಲ ತಲುಪಿಸಿದರು.

ಪ್ರಿಯರೇ, ನೂರು ವರ್ಷಗಳ ಈ ದೇವಾಲಯಕ್ಕೆ ಕಲ್ಲು ಹೊತ್ತವರ, ಹಿಡಿಯಕ್ಕಿ ಕೂಡಿಸಿದವರ ಹೆಸರೆಲ್ಲವೂ ಶಿಲಾಫಲಕದಲ್ಲಿಲ್ಲ. ಅವು ಉಳಿದಿರುವುದು ನಮ್ಮ ಮನೆಯ ಹಿರಿಯರ ನೆನಪಿನಲ್ಲಿ ಮಾತ್ರ. ಅವರು ಇರುವಾಗಲೇ ಬಳಿಯಲ್ಲಿ ಕುಳಿತು ಕೇಳೋಣ, ಬರೆದಿಡೋಣ. ಮಿಲೆಯವರನ್ನು ಬಡತನ ತಡೆಯಿತು. ನಮ್ಮನ್ನು ತಡೆಯುವುದಾದರೂ ಏನು?

ಇಂದು ಸಂಜೆ ಗಂಟೆ ಮೊಳಗಿದಾಗ, ಹೆಸರು ಉಳಿಯದ ಆ ಹಿರಿಯರಿಗಾಗಿ ಕ್ಷಣಕಾಲ ಕೈಜೋಡಿಸೋಣ.